ಕೇಳಿದಷ್ಟೇ ಕಳಿಸಿದ ಸೋಮವಾರ

ನನ್ನ ತಂಗಿ ಕೂತು ಕೆಲಸ ಮಾಡುತ್ತಿದ್ದ ಕೋಣೆಗೆ ಮೂರು ಕಡೆ ಗಾಜು. ಗೋದಾಮಿನ ಒಳಗೇ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ, ಮಾಡಿನ ಹತ್ತಿರ ಪೆಟ್ಟಿಗೆಯ ಹಾಗೆ ನೇತುಹಾಕಿದ ಕೋಣೆ. ಅಲ್ಲಿಂದ ಕೆಳಗೆ ನೋಡಿದರೆ ಉದ್ದಕ್ಕೂ ಡೈಪರ್ ಕಟ್ಟುಗಳ ಓಣಿಗಳು, ಅವುಗಳ ನಡುವೆ ಹಿಂದೆ ಮುಂದೆ ಓಡಾಡುವ ಫೋರ್ಕ್‌ಲಿಫ್ಟ್‌ಗಳು, ಆ ತುದಿಯಲ್ಲಿ ಲಾರಿಗಳು ಬೆನ್ನು ಕೊಟ್ಟು ನಿಲ್ಲುವ ಬಾಗಿಲುಗಳು. ಆಕಾಶ ಮಾತ್ರ ಎಲ್ಲೂ ಕಾಣುವುದಿಲ್ಲ. ಒಮ್ಮೆ ಅವಳು ಮರೆತುಹೋದ ಊಟದ ಡಬ್ಬಿ ಕೊಡಲು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದೆ. ಮಗು ಗಾಜಿಗೆ ಮೂಗು ಒತ್ತಿ ಕೆಳಗಿನವರಿಗೆಲ್ಲ ಟಾಟಾ ಮಾಡಿತು. ಒಬ್ಬರೂ ತಲೆ ಎತ್ತಲಿಲ್ಲ.

"ಅವ್ರಿಗೆ ನಾವು ಕಾಣಲ್ಲ ಕಂದಾ, ಆ ಕಡೆಯಿಂದ ಗಾಜು ಕಪ್ಪು," ಎಂದಳು ತಂಗಿ. ನಾನು, "ಮೀನಿನ ತೊಟ್ಟಿ ಥರ ಇದೆಯಲ್ಲೇ," ಎಂದೆ. "ಮೀನನ್ನಾದ್ರೂ ಯಾರಾದ್ರೂ ನಿಂತು ನೋಡ್ತಾರೆ ಅಕ್ಕಾ," ಎಂದು ನಕ್ಕು, ಡಬ್ಬಿ ತೆಗೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಾವು ಅಲ್ಲಿಂದ ಹೊರಡುವವರೆಗೂ ಆ ಡಬ್ಬಿ ಮುಚ್ಚಿದ್ದ ಹಾಗೇ ಇತ್ತು.

ಮನೆಯಲ್ಲಿ ಅವಳಿಗೆ ಇರುವೆ ಎಂದೇ ಹೆಸರು. ಶಾಲೆಗೆ ಹೋಗುವ ವಯಸ್ಸಿನಲ್ಲೇ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿ, ಸೂಜಿ, ಪೆನ್ಸಿಲ್ ತುಂಡು, ಚೂರುಪಾರು ದಾರ ಎಲ್ಲ ಕೂಡಿಡುತ್ತಿದ್ದಳು. ಅಪ್ಪನ ಕನ್ನಡಕದ ತಿರುಪು ಬಿದ್ದುಹೋದರೆ ಹೊಸ ತಿರುಪು ಅವಳ ಡಬ್ಬಿಯಿಂದಲೇ ಬರಬೇಕು. ಯಾರಿಗೆ ಯಾವಾಗ ಏನು ಕಡಿಮೆ ಬೀಳುತ್ತದೆ ಎಂಬುದು ಅವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಡಿಗ್ರಿ ಮುಗಿದ ಮೇಲೆ ಹೊರದೇಶದಲ್ಲಿ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದಾಗ ನಮ್ಮ ಸೋದರಮಾವ ಹುಬ್ಬು ಗಂಟಿಕ್ಕಿದರು.

"ಅದ್ಯಾವ ಚೈನಮ್ಮ? ಸೈಕಲ್ಲಿಂದಾ?"

"ಅಲ್ಲ ಮಾವ. ಕಾರ್ಖಾನೆಯಿಂದ ಅಂಗಡಿವರೆಗೆ ಸಾಮಾನು ಬರುತ್ತಲ್ಲ, ಆ ದಾರಿ."

"ಅಂದ್ರೆ ಸಾಮಾನು ಸಾಗಿಸೋದು."

"ಸಾಗಿಸೋಕೆ ಮುಂಚೆ ಎಷ್ಟು ಸಾಗಿಸ್ಬೇಕು ಅಂತ ಯೋಚ್ನೆ ಮಾಡೋದು."

"ಅಷ್ಟಕ್ಕೆ ವಿಮಾನ ಹತ್ಬೇಕಾ? ನಿಮ್ಮತ್ತೆ ಒಲೆ ಮುಂದೆ ನಿಂತೇ ಮಾಡ್ತಾಳಲ್ಲೇ!"

ವಿಮಾನ ಹತ್ತಿಯೇ ಬಂದಳು, ನಮ್ಮ ಮನೆಗೆ. ನನ್ನ ಗಂಡ ಇಲ್ಲಿ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ನಾವಿಬ್ಬರು ಮತ್ತು ಮಗಳು. ಇನ್ನೊಂದರಲ್ಲಿ ತಂಗಿ, ಅವಳ ಪುಸ್ತಕಗಳು, ನಮ್ಮೆಲ್ಲರ ಬಟ್ಟೆ ಒಣಗುವ ಸ್ಟ್ಯಾಂಡು. ಒದ್ದೆ ಬಟ್ಟೆಯ ವಾಸನೆಯಲ್ಲೇ ಓದಿ ಅವಳು ಮೊದಲ ವರ್ಷ ಒಳ್ಳೆಯ ಅಂಕ ತೆಗೆದಳು.

ಆ ವರ್ಷ ಕ್ಲಾಸಿನಲ್ಲಿ ಆಡಿಸಿದ ಒಂದು ಆಟದ ಬಗ್ಗೆ ಮನೆಗೆ ಬಂದು ಹೇಳಿದ್ದಳು. ನಾಲ್ಕು ಕುರ್ಚಿ ಸಾಲಾಗಿ. ಮೊದಲನೆಯದು ಅಂಗಡಿ, ಆಮೇಲೆ ಸಗಟು ವ್ಯಾಪಾರಿ, ಆಮೇಲೆ ಗೋದಾಮು, ಕೊನೆಯದು ಕಾರ್ಖಾನೆ. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಚೀಟಿ ಮಾತ್ರ ದಾಟಿಸಬೇಕು. ಗಿರಾಕಿ ಒಂದು ವಾರ ಸ್ವಲ್ಪ ಹೆಚ್ಚು ಕೇಳಿದ, ಅಷ್ಟೇ. ಅಂಗಡಿಯವನು ಗಾಬರಿಬಿದ್ದು ಇನ್ನಷ್ಟು ಸೇರಿಸಿ ಕೇಳಿದ, ಅವನ ಹಿಂದಿನವನು ಅದರ ಮೇಲೂ ಸೇರಿಸಿದ. ಕಾರ್ಖಾನೆಯ ಕುರ್ಚಿಯಲ್ಲಿದ್ದ ತಂಗಿಯ ಹತ್ತಿರ ಬರುವಷ್ಟರಲ್ಲಿ ಅದು ಬೆಟ್ಟವಾಗಿತ್ತು. ಅವಳು ಹಗಲೂ ರಾತ್ರಿ ಮಾಲು ತಯಾರಿಸಿದ ಲೆಕ್ಕದಲ್ಲಿದ್ದಾಗ, ಇದ್ದಕ್ಕಿದ್ದಂತೆ ಚೀಟಿ ಬರುವುದೇ ನಿಂತುಹೋಯಿತು. ಎಲ್ಲರ ಉಗ್ರಾಣವೂ ತುಂಬಿತ್ತು. "ಮಧ್ಯದಲ್ಲಿರೋರು ಯಾರೂ ಸುಳ್ಳುಗಾರರಲ್ಲ ಭಾವ," ಎಂದು ನನ್ನ ಗಂಡನಿಗೆ ವಿವರಿಸಿದಳು. "ಎಲ್ರಿಗೂ ಭಯ ಅಷ್ಟೇ."

ಮೂರನೇ ಸೆಮಿಸ್ಟರ್ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್. ಅದು ಮುಗಿದ ಮೇಲೆ ಕಂಪನಿಯವರು ಅವಳ ಕೆಲಸ ಹೇಗಿತ್ತು ಎಂದು ಬರೆದು ಸಹಿ ಹಾಕಿ ಕೊಡಬೇಕು. ಸಹಿ ಇದ್ದರೆ ಮಾತ್ರ ಕೊನೆಯ ಸೆಮಿಸ್ಟರಿಗೆ ಹೆಸರು ನೋಂದಾಯಿಸಬಹುದು. ಹೆಸರು ನೋಂದಾಯಿಸಿದರೆ ಮಾತ್ರ ಈ ದೇಶದಲ್ಲಿ ಇರಬಹುದು. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಸೇರುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ? ಮಗುವಿನ ಸಾಮಾನು ಮಾರುವ ಅಂಗಡಿಗಳಿಗೆ ಡೈಪರ್ ಸರಬರಾಜು ಮಾಡುವ ಗೋದಾಮಿನಲ್ಲಿ ಜಾಗ ಸಿಕ್ಕಿತು. "ನನ್ನ ಸೊಸೆಗೆ ಬೇಕಾದ ಇಲಾಖೆಯೇ ಸಿಕ್ತು," ಎಂದು ಕುಣಿದಾಡಿದಳು. (ನನ್ನ ಮಗಳನ್ನು ಅವಳು ಸೊಸೆ ಎಂದು ಕರೆಯುವುದು ಸುಮ್ಮನೆ ಚುಡಾಯಿಸಲು. "ನಿನಗೆ ಮಗನೇ ಇಲ್ಲ, ಸೊಸೆ ಎಲ್ಲಿಂದ ಬಂದ್ಲೇ?" ಎಂದರೆ, "ಮುಂದೆ ಬೇಕಾಗುತ್ತೆ, ಈಗ್ಲೇ ತೆಗೆದಿಟ್ಟಿದೀನಿ," ಎನ್ನುತ್ತಿದ್ದಳು.)

ಅಲ್ಲಿ ಪ್ಲಾನರ್ ಆಗಿದ್ದಾಕೆ ಹೆರಿಗೆ ರಜೆಗೆ ಹೋದವಳು ಕೆಲಸ ಬೇಡವೆಂದು ತಿಳಿಸಿಬಿಟ್ಟಿದ್ದಳು. ಯಾವ ಅಂಗಡಿಗೆ ಎಷ್ಟು ಕಳಿಸಬೇಕು ಎಂದು ವಾರವಾರವೂ ತೀರ್ಮಾನಿಸುವ ಕುರ್ಚಿ ಅದು. ಸಹಾಯಕಿಯಾಗಿ ಹೋದ ತಂಗಿಯನ್ನು ಅದರಲ್ಲೇ ಕೂರಿಸಿದರು. ಅದಕ್ಕೂ ಸ್ವಲ್ಪ ಮುಂಚೆ ಹೊಳೆಯ ಸೇತುವೆ ರಿಪೇರಿಗೆಂದು ಮುಚ್ಚಿ, ಲಾರಿಗಳು ಸುತ್ತಿ ಬಳಸಿ ಬರಬೇಕಾಗಿ, ಅಂಗಡಿಗಳಿಗೆ ಕೇಳಿದ್ದರಲ್ಲಿ ಅರ್ಧ ಮಾತ್ರ ಸಿಗುತ್ತಿತ್ತಂತೆ. ಅರ್ಧ ಸಿಗುತ್ತದೆಂದು ಗೊತ್ತಾದ ಮೇಲೆ ಎರಡರಷ್ಟು ಕೇಳುವುದನ್ನು ಎಲ್ಲರೂ ಕಲಿತರು. ಸೇತುವೆ ತೆರೆಯಿತು, ಕಾರ್ಖಾನೆಯಿಂದ ಮಾಲು ಬಂದು ಗೋದಾಮು ಮಾಡಿನವರೆಗೆ ತುಂಬಿತು. ಆದರೆ ಕೇಳುವ ಅಭ್ಯಾಸ ಹೋಗಲಿಲ್ಲ.

ಅಂಗಡಿಗಳ ನಿಜವಾದ ಅಗತ್ಯ ಏನೆಂದು ಹುಡುಕಿದವಳು ಇರುವೆ. ಒಬ್ಬೊಬ್ಬರಿಗೇ ಫೋನು ಮಾಡಿ, ಮಳೆ, ಮಂಡಿನೋವು, ಮಕ್ಕಳ ಪರೀಕ್ಷೆ ಎಲ್ಲ ಮಾತಾಡಿ, ಮಾತಿನ ಸಂದಿಯಲ್ಲಿ ವಿಷಯ ತಿಳಿದುಕೊಳ್ಳುತ್ತಿದ್ದಳು. ಬಸ್ ನಿಲ್ದಾಣದ ಎದುರಿನ ಅಂಗಡಿಯವರು ನಲವತ್ತು ಬರೆದರೆ ಅವರಿಗೆ ಬೇಕಾದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆಸ್ಪತ್ರೆಯ ಪಕ್ಕದವರು ದೊಡ್ಡ ಸೈಜಿನಲ್ಲಿ ಸುಳ್ಳು ಹೇಳುತ್ತಾರೆ, ಚಿಕ್ಕ ಸೈಜಿನಲ್ಲಿ ಹೇಳುವುದಿಲ್ಲ. ಗುಡ್ಡದ ಮೇಲಿನ ಅಂಗಡಿಯಾಕೆ ಗಂಡನ ಜೊತೆ ಜಗಳವಾಡಿದ ವಾರ ಮಾತ್ರ ಸಿಕ್ಕಾಪಟ್ಟೆ ಕೇಳುತ್ತಾರೆ. ಅವರು ಬರೆದ ಅಂಕಿಯನ್ನು ಇವಳು ಮನಸ್ಸಿನಲ್ಲೇ ಕತ್ತರಿಸಿ ಸರಿಯಾದಷ್ಟು ಕಳಿಸುತ್ತಿದ್ದಳು. ಯಾವ ಅಂಗಡಿಯಲ್ಲೂ ಮಾಲು ಮುಗಿಯಲಿಲ್ಲ, ಯಾವ ಅಂಗಡಿಯಲ್ಲೂ ಉಳಿಯಲಿಲ್ಲ. ಎಲ್ಲರಿಗೂ ಅವಳೆಂದರೆ ಪ್ರಾಣ. ಅವಳ ಸ್ವಂತ ಫೋನ್ ನಂಬರ್ ಕೂಡ ಅವರ ಕೈಸೇರಿತು.

ನಮ್ಮ ಮನೆಯ ಊಟದ ಮೇಜಿನಲ್ಲಿ ಐದನೆಯ ತಟ್ಟೆಯ ಹಾಗೆ ಆ ಫೋನು. ಭಾನುವಾರವೂ ಬಿಡುವಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲ ಹೊರಗೆ ಅದು ಕೂಗಿಕೊಳ್ಳುತ್ತಿತ್ತು. ಮಗಳು ಅದನ್ನೆತ್ತಿ ಬಾಗಿಲ ಸಂದಿಗೆ ಹಿಡಿದು "ಚಿಕ್ಕೀ, ಡೈಪ್!" ಎಂದು ಕಿರುಚುತ್ತಿದ್ದಳು.

ಇಂಟರ್ನ್‌ಶಿಪ್ಪಿನ ಅವಧಿ ಮುಗಿಯಿತು. ತಂಗಿ ಮ್ಯಾನೇಜರನ್ನು ಸಹಿ ಕೇಳಿದಳು.

"ಅದಕ್ಕೇನು, ಮುಂದಿನ ವಾರ ಹಾಕಿಕೊಡೋಣ," ಎಂದರು. ಕೆಟ್ಟ ಮನುಷ್ಯರಲ್ಲ. ಬೆಳಿಗ್ಗೆ ಅವಳಿಗೆಂದೇ ಕಾಫಿ ತಂದಿಡುತ್ತಿದ್ದರಂತೆ. ನನ್ನ ಮಗುವಿನ ಹುಟ್ಟುಹಬ್ಬಕ್ಕೆ ಆಟದ ಲಾರಿ ಕಳಿಸಿದ್ದರು. ಆದರೆ ಅವರ ಮುಂದಿನ ವಾರ ಬರಲೇ ಇಲ್ಲ. "ಹೊಸಬರೊಬ್ಬರು ಬಂದು ಸೇರ್ಲಿ, ಅದಕ್ಕೆ ಮುಂಚೆ ಸಹಿ ಹಾಕಿದ್ರೆ ನೀವು ಹೊರಟುಬಿಡ್ತೀರಲ್ಲ," ಎಂದು ಒಂದು ದಿನ ನಗುನಗುತ್ತಲೇ ನಿಜ ಹೇಳಿದರು. ನಾವು ಅವರಿಗೆ ಮುಂದಿನವಾರಪ್ಪ ಎಂದು ಹೆಸರಿಟ್ಟೆವು. ತಂಗಿ ಅವರ ಮಾತನ್ನು ನಮ್ಮ ಭಾಷೆಗೆ ತಂದು, ಅವರಂತೆಯೇ ಹೊಟ್ಟೆ ಮುಂದೆ ಮಾಡಿ, ಟೈ ಸರಿಮಾಡಿಕೊಳ್ಳುತ್ತ ನಟಿಸಿ ತೋರಿಸುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು.

ಕಾಲೇಜಿನ ಸಲಹೆಗಾರ್ತಿಯ ಹತ್ತಿರ ಹೋದಳು. ಆಕೆ ಮರುಕದಿಂದಲೇ ಹೇಳಿದಳಂತೆ, "ಅವರು ಬರೆದುಕೊಡದೆ ನಾವೇನು ಮಾಡೋಕೂ ಬರಲ್ಲ. ಮಧ್ಯದಲ್ಲಿ ಬಿಟ್ಟುಬಂದ್ರೆ ಮಾಡಿದ ಕೆಲಸವೆಲ್ಲ ಲೆಕ್ಕಕ್ಕಿಲ್ಲ. ನೋಂದಣಿ ಮುಗಿಯೋ ದಿನ ಗೊತ್ತಲ್ಲ?" ಗೊತ್ತಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನೇ ಅದಕ್ಕೆ ಕೆಂಪು ಸುತ್ತು ಹಾಕಿದ್ದೆ. ಅದು ಹತ್ತಿರ ಬರುತ್ತಿತ್ತು.

ಈ ನಡುವೆ ಅಮ್ಮನದೊಂದು ಕಥೆ. ಫೋನಿನಲ್ಲಿ ತಂಗಿ ಎಂದೋ, "ಇಡೀ ಗೋಡೌನ್ ನಾನೇ ನೋಡ್ಕೋತಿದೀನಮ್ಮ," ಎಂದು ಸುಸ್ತಿನಲ್ಲಿ ಅಂದಿದ್ದಳು. ಅಮ್ಮ ಅದನ್ನು ದೊಡ್ಡಮ್ಮನಿಗೆ ದಾಟಿಸಿ, ದೊಡ್ಡಮ್ಮ ಅತ್ತೆಗೆ ದಾಟಿಸಿ, ಅದು ಸೋದರಮಾವನನ್ನು ಮುಟ್ಟುವ ಹೊತ್ತಿಗೆ ನಮ್ಮ ಇರುವೆ ಕಂಪನಿಗೇ ಮ್ಯಾನೇಜರ್ ಆಗಿದ್ದಳು. ಮಾವ ಫೋನು ಮಾಡಿ, "ಇನ್ನೇನಮ್ಮ, ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ಲ ಸೆಕ್ರೆಟರಿ ಕೇಳ್ಕೊಂಡು ಮಾತಾಡ್ಬೇಕೋ?" ಎಂದರು. ಅವಳು ಉತ್ತರವಾಗಿ ಬರೀ ನಕ್ಕಳು. ಫೋನಿಟ್ಟ ಮೇಲೆ, "ಈಗ ಬಿಟ್ಟೆ ಅಂದ್ರೂ ತಪ್ಪು, ಕಳಿಸಿದ್ರು ಅಂದ್ರೂ ತಪ್ಪು," ಎಂದು ಗೋಡೆಗೆ ಹೇಳಿಕೊಂಡಳು.

ಹೊಸಬ ಒಬ್ಬ ಬಂದ. ಬುದ್ಧಿವಂತನೇ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ.

"ಇಲ್ಲಿ ನಲವತ್ತು ಅಂತ ಇದೆ, ನೀವು ಇಪ್ಪತ್ತಮೂರು ಹೊಡೆದ್ರಿ?"

"ಅವ್ರು ಯಾವಾಗ್ಲೂ ಹಾಗೇ ಕೇಳೋದು."

"ಹಾಗಾದ್ರೆ ಇವ್ರದ್ದೂ ಅರ್ಧ ಮಾಡ್ಬೇಕು."

"ಅಯ್ಯೋ ಬೇಡ, ಇವ್ರು ನಿಜ ಹೇಳ್ತಾರೆ. ಆದ್ರೆ ಜಗಳವಾದ ವಾರ ಅಲ್ಲ."

"ಜಗಳವಾಗಿದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

"ಹಲೋ ಅನ್ನೋದ್ರಲ್ಲೇ ಗೊತ್ತಾಗುತ್ತೆ."

ವಾರ ತುಂಬುವ ಮೊದಲೇ ಅವನು ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೋಗಿಬಿಟ್ಟ. ಮುಂದಿನವಾರಪ್ಪ ಕೈಚೆಲ್ಲಿ, "ನೋಡಿದ್ರಾ? ನೀವಿಲ್ಲದೆ ಆಗಲ್ಲ," ಎಂದರಂತೆ. ಹೊಗಳಿಕೆಯೇ. ಆ ಸಂಜೆ ತಂಗಿ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತಳು. ನಾನು ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದರೆ ಬಂದು, ನನ್ನ ಮೊಣಕಾಲಿಗೆ ತಲೆಯಾನಿಸಿ ಕೂತಳು. ಬಾಚಣಿಗೆಗೆ ಕೂದಲು ಹಿಡಿಹಿಡಿಯಾಗಿ ಬಂತು. ಅವಳಿಗೆ ಕಾಣದ ಹಾಗೆ ಉಂಡೆಮಾಡಿ ಬದಿಗಿಟ್ಟೆ.

"ನೀನು ಅಷ್ಟು ಚೆನ್ನಾಗಿ ಯಾಕೆ ಮಾಡ್ದೆ?" ಎಂದು ಗದರಿದೆ. "ಸ್ವಲ್ಪ ಕೆಟ್ಟದಾಗಿ ಮಾಡಿದ್ರೆ ಎಂದೋ ಕಳಿಸ್ತಿದ್ರು."

"ನನಗೆ ಕೆಟ್ಟದಾಗಿ ಮಾಡೋಕೆ ಬರಲ್ವಲ್ಲ ಅಕ್ಕಾ."

ನನ್ನ ಗಂಡ ಮಗಳಿಗೆ ತುತ್ತಿಡುತ್ತ, "ಲಿಫ್ಟಲ್ಲಿ ಸಿಕ್ಕಿಕೊಂಡೋರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಬಾಗಿಲು ತಳ್ಳೋದು. ತಳ್ಳಿದಷ್ಟೂ ಅದು ಬಿಗಿಯುತ್ತೆ," ಎಂದರು.

"ಮತ್ತೆ ಏನು ಮಾಡ್ಬೇಕು ಭಾವ?"

"ಸುಮ್ನೆ ಗುಂಡಿ ಒತ್ತಿ ನಮ್ಮನ್ನ ಕಾಯ್ಬೇಕು."

"ನನ್ನ ಲಿಫ್ಟಿನ ಮೆಕ್ಯಾನಿಕ್ಕೂ ನಾನೇ ಭಾವ," ಎಂದಳು.

ದಾರಿ ತೆರೆದದ್ದು ನನ್ನ ಸಾಮಾನಿನ ರಾಶಿಯಿಂದ. ಒಂದು ಶನಿವಾರ ಮಗುವಿನ ತಳ್ಳುಗಾಡಿಯೊಂದಿಗೆ ಇಬ್ಬರೂ ನಮ್ಮ ಬೀದಿಯ ಅಂಗಡಿಗೆ ಹೋಗಿದ್ದೆವು. ಅವಳು ಮಾಲು ಕಳಿಸುವ ಅಂಗಡಿಗಳಲ್ಲಿ ಅದೂ ಒಂದು. ಡೈಪರಿನ ಹಲಗೆ ಅರ್ಧ ಖಾಲಿ ಕಂಡಿತು. ನಾನು ಹಿಂದೆಮುಂದೆ ನೋಡದೆ ನಾಲ್ಕು ಕಟ್ಟು ಎತ್ತಿ ಗಾಡಿಯ ಕೆಳಗೆ ತುರುಕಿದೆ.

"ಯಾಕೆ ನಾಲ್ಕು?"

"ಮುಗಿದುಹೋದ್ರೆ?"

"ಗೋಡೌನಲ್ಲಿ ಬೆಟ್ಟ ಇದೆ ಅಕ್ಕಾ, ನಾನು ದಿನಾ ನೋಡ್ತೀನಿ."

"ನಿನ್ನ ಗೋಡೌನ್ ನನಗೆ ಕಾಣುತ್ತಾ? ನನಗೆ ಕಾಣೋದು ಈ ಖಾಲಿ ಹಲಗೆ. ಅರ್ಧರಾತ್ರಿ ಇದು ಮುಗಿದ್ರೆ ನೀನು ಬಂದು ಮಗು ಎತ್ಕೋತೀಯಾ?"

ಮನೆಗೆ ಬಂದು ಕಪಾಟು ತೆರೆದರೆ ಜಾಗವೇ ಇಲ್ಲ. ಹಿಂದೆ ಹೀಗೆಯೇ ಹೆದರಿ ಕೊಂಡಿಟ್ಟ ಮೂರನೇ ಸೈಜಿನ ಕಟ್ಟುಗಳು ಒಡೆಯದೆ ಕೂತಿದ್ದವು. ಅಷ್ಟರಲ್ಲಿ ಮಗಳು ನಾಲ್ಕನೇ ಸೈಜಿಗೆ ಬೆಳೆದುಬಿಟ್ಟಿದ್ದಳು. ಎಳೆದರೆ ಎಲ್ಲವೂ ನನ್ನ ತಲೆಯ ಮೇಲೆ ಬಿದ್ದವು. ಮಗು ಕೇಕೆ ಹಾಕಿ ಚಪ್ಪಾಳೆ ತಟ್ಟಿತು. ನಾನು ನೆಲದ ಮೇಲೆ ಕೂತು, "ಇನ್ನು ದೇವರಾಣೆಗೂ ತರಲ್ಲ," ಎಂದೆ.

ತಂಗಿ ಆ ರಾಶಿಯನ್ನೇ ನೋಡುತ್ತಿದ್ದಳು.

"ನಾನು ಹೇಳಿದಾಗ ನಿಲ್ಲಿಸ್ಲಿಲ್ಲ. ತಲೆ ಮೇಲೆ ಬಿದ್ಮೇಲೆ ನಿಲ್ಲಿಸ್ದೆ."

"ಏನೀಗ, ಹಂಗಿಸ್ತೀಯಾ?"

"ಇಲ್ಲಕ್ಕಾ. ಅಂಗಡಿಯೋರ ತಲೆ ಮೇಲೆ ಬೀಳದ ಹಾಗೆ ಇಷ್ಟು ದಿನದಿಂದ ನಾನೇ ಹಿಡ್ಕೊಂಡು ನಿಂತಿದೀನಿ."

ಮಾರನೆಯ ವಾರ ಅವಳು ಎಲ್ಲ ಅಂಗಡಿಗಳಿಗೂ ಫೋನು ಮಾಡಿದಳು. ಮುಚ್ಚುಮರೆ ಮಾಡುವುದು ಅವಳ ಜಾಯಮಾನವಲ್ಲ. "ಬರೋ ಸೋಮವಾರದಿಂದ ನೀವು ಬರೆದಷ್ಟೇ ಕಳಿಸ್ತೀನಿ. ನಾನು ಕಡಿಮೆ ಮಾಡಲ್ಲ. ದಯವಿಟ್ಟು ಬೇಕಾದಷ್ಟೇ ಬರೀರಿ," ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದಳು. ಗುಡ್ಡದ ಮೇಲಿನಾಕೆ, "ಆಯ್ತಮ್ಮ, ನೀನು ಹೇಗೆ ಹೇಳಿದ್ರೆ ಹಾಗೆ," ಎಂದು ಎಂದಿನಂತೆಯೇ ಬರೆದರು. ಬಸ್ ನಿಲ್ದಾಣದವರು ನಕ್ಕರು, "ನೀನು ಕಡಿಮೆ ಮಾಡ್ತೀಯ ಅಂತಾನೇ ನಾವು ಜಾಸ್ತಿ ಬರೆಯೋದು. ಈಗ ಕಡಿಮೆ ಬರೆದ ಮೇಲೆ ನೀನು ಅದ್ರಲ್ಲೂ ಕಡಿಮೆ ಮಾಡಿದ್ರೆ?" ಮ್ಯಾನೇಜರಿಗೂ ಹೇಳಿದಳು. ಅವರು ಬೇರೊಂದು ಫೋನಿನಲ್ಲಿದ್ದವರು ಹೆಬ್ಬೆರಳೆತ್ತಿ ತೋರಿಸಿದರು. ಕಂಪನಿಯ ನಿಯಮವೂ ಅದೇ: ಮಾಲಿದ್ದರೆ ಅಂಗಡಿ ಕೇಳಿದಷ್ಟು ಕಳಿಸಬೇಕು. ಶುಕ್ರವಾರ ಅವಳು ಒಂದು ಅಂಕಿಯನ್ನೂ ಮುಟ್ಟದೆ ಮುಂದಕ್ಕೆ ಸಾಗಿಸಿದಳು. ಮ್ಯಾನೇಜರ್ ಎಂದಿನಂತೆ ನೋಡದೆಯೇ ಒಪ್ಪಿಗೆ ಒತ್ತಿದರು.

ಶನಿವಾರ, ಭಾನುವಾರ ಎರಡು ದಿನ ಅವಳು ಮನೆಯಲ್ಲಿ ಕೋಣೆಯಿಂದ ಕೋಣೆಗೆ ತಿರುಗಿದಳು. "ತಪ್ಪು ಮಾಡ್ದೆನಾ?" ಎಂದು ಒಮ್ಮೆ, "ಫೋನ್ ಮಾಡಿ ನಿಲ್ಲಿಸ್ಲಾ?" ಎಂದು ಒಮ್ಮೆ. ನನಗೂ ಹೆದರಿಕೆಯೇ. ಕೆಲಸ ಕೆಡಿಸಿದಳೆಂದು ಕೆಟ್ಟದಾಗಿ ಬರೆದುಕೊಟ್ಟರೆ? ಬರೆದುಕೊಡದೆ ಹೊರಗೆ ಹಾಕಿಬಿಟ್ಟರೆ? ಹಾಗೇನಾದರೂ ಆದರೆ ಇವಳ ಪೆಟ್ಟಿಗೆ ಕಟ್ಟುವುದೇ. ಆದರೂ, "ನೀನು ಹೇಳಿದ್ದನ್ನ ಅವ್ರು ಕೇಳಿಸ್ಕೊಳ್ಲಿಲ್ಲ. ಬಟ್ಟೆ ಮಡಿಸು ಬಾ," ಎಂದೆ. ಕೈಗೆ ಕೆಲಸ ಕೊಟ್ಟರೆ ಅವಳಿಗೆ ಉಸಿರು ನೆಟ್ಟಗಾಗುತ್ತದೆ.

ಸೋಮವಾರ ನಾನು ಮಗುವನ್ನು ತಳ್ಳಿಕೊಂಡು ಹೋಗುವಾಗ ನಮ್ಮ ಬೀದಿಯ ಅಂಗಡಿಯ ಮುಂದೆ ನಿಂತೇಬಿಟ್ಟೆ. ಹಿಂದಿನ ಅಂಗಳ ತುಂಬಿ, ಪಕ್ಕದ ಓಣಿಗೆ ಪೆಟ್ಟಿಗೆಗಳು ಹರಿದಿದ್ದವು. ಲಾರಿ ಇನ್ನೂ ಇಳಿಸುತ್ತಲೇ ಇತ್ತು. ಅಂಗಡಿಯ ಯಜಮಾನ ಒಂದು ಪೆಟ್ಟಿಗೆಯ ಮೇಲೆ ನಿಂತು ಡ್ರೈವರಿಗೆ, "ಸಾಕು ಮಾರಾಯ, ಸಾಕು!" ಎಂದು ಕೂಗುತ್ತಿದ್ದ.

"ನೀವೇ ಬರೆದಿದೀರಲ್ಲ ಸ್ವಾಮಿ," ಎಂದ ಡ್ರೈವರ್.

"ಬರೆದೆ ಅಂತ ತಂದುಬಿಡೋದಾ?"

ಮಗು, "ಡೈಪ್, ಡೈಪ್," ಎಂದು ಕೈ ಚಾಚಿತು. ನಾನು ತಲೆತಗ್ಗಿಸಿ ಗಾಡಿಯನ್ನು ಜೋರಾಗಿ ತಳ್ಳಿದೆ.

ಆ ದಿನ ಅವಳ ಗಾಜಿನ ಕೋಣೆಯಲ್ಲಿ ಫೋನು ಕೆಳಗಿಡಲು ಆಗಲಿಲ್ಲವಂತೆ. ಮಧ್ಯಾಹ್ನ ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದರು. ಮೊದಲ ಸಲ ಕೈಯಲ್ಲಿ ಕಾಫಿ ಇರಲಿಲ್ಲ.

"ಇದೇನು ಮಾಡಿಬಿಟ್ರಿ?"

"ಅವ್ರು ಕೇಳಿದ್ದನ್ನೇ ಕಳಿಸಿದೀನಿ. ನಿಮಗೂ ಹೇಳಿದ್ದೆ."

ಅವರು ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿದರು. "ನಿಜಕ್ಕೂ ಎಷ್ಟು ಬೇಕಿತ್ತು?" ಎಂದು ಕೇಳಿದರು. ಅವಳು ಒಂದೊಂದೇ ಅಂಗಡಿಯದ್ದು ಹೇಳುತ್ತ ಹೋದಳು. ಅವರು ಕುರ್ಚಿ ಎಳೆದು ಕೂತರು.

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಸರ್. ಅದೇ ತೊಂದರೆ."

ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. "ಕಾಯಂ ಆಗಿ ಇಲ್ಲೇ ಇದ್ದುಬಿಡಿ. ದೇಶದಲ್ಲಿ ಇರೋ ಅನುಮತಿಯೂ ಕಂಪನಿಯೇ ಮಾಡಿಸಿಕೊಡುತ್ತೆ. ಓದಿ ಏನಾಗ್ತೀರಿ? ಕೊನೆಗೆ ಇದೇ ಕುರ್ಚಿ ತಾನೇ?" ಎಂದರು.

ಆ ಸಂಜೆ ಅವಳು ಬಂದು ಇದನ್ನೆಲ್ಲ ಹೇಳಿದಳು. ನಾನು ಲೆಕ್ಕಾಚಾರದ ಹೆಂಗಸು, ತರಕಾರಿ ಹೆಚ್ಚುತ್ತ, "ಅವ್ರು ಹೇಳೋದ್ರಲ್ಲಿ ತಪ್ಪೇನಿದೆ? ಜನ ಇಂಥ ಕೆಲಸಕ್ಕೆ ತಪಸ್ಸು ಮಾಡ್ತಾರೆ," ಎಂದೆ.

"ಕೆಲಸ ಬೇಡ ಅಂತಲ್ಲ ಅಕ್ಕಾ. ಅಲ್ಲಿ ಕೂತ್ರೆ ಇನ್ನು ಹತ್ತು ವರ್ಷ ಆದ್ಮೇಲೂ ಆಸ್ಪತ್ರೆ ಪಕ್ಕದೋರು ಎಷ್ಟು ಸುಳ್ಳು ಹೇಳ್ತಾರೆ ಅಂತ ಮಾತ್ರ ಗೊತ್ತಿರುತ್ತೆ ನನಗೆ. ಎದ್ದು ಬರ್ತೀನಿ ಅಂದಾಗ ಬರೋಕೆ ಆಗ್ಬೇಕು. ಅದಕ್ಕೇ ಓದು ಮುಗಿಸ್ಬೇಕು."

"ಹಾಗಾದ್ರೆ ಹಾಗೇ ಹೇಳು ಅವ್ರಿಗೆ."

"ಹೇಳ್ದೆ. ಮುಂದಿನ ವಾರ ಮಾತಾಡೋಣ ಅಂದ್ರು."

ಆದರೆ ಆ ಮುಂದಿನ ವಾರ ಬೇರೆ ಥರ ಬಂತು. ಶುಕ್ರವಾರ ಆರ್ಡರುಗಳು ಬರಲಿಲ್ಲ. ಒಂದೂ ಬರಲಿಲ್ಲ. ಅಂಗಡಿಗಳೆಲ್ಲ ಕಂಠದವರೆಗೆ ತುಂಬಿಕೊಂಡಿದ್ದವು. ಯಾರಿಗೂ ಏನೂ ಬೇಡ. ಫೋನು ಸುಮ್ಮನೆ ಬಿದ್ದಿತ್ತು. ಫೋರ್ಕ್‌ಲಿಫ್ಟ್ ಓಡಿಸುವವರು ಖಾಲಿ ಓಣಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಒದ್ದು ಆಡುತ್ತಿದ್ದರಂತೆ. ಗಾಜಿನ ಕೋಣೆಯಲ್ಲಿ ತಂಗಿ ಕೈಕಟ್ಟಿ ಕೂತಳು. ಅದರ ಮುಂದಿನ ವಾರವೂ ಹಾಗೇ. ಎಲ್ಲಿ ಅವಳಿಲ್ಲದೆ ನಡೆಯುವುದಿಲ್ಲವೋ ಅಲ್ಲಿ ಅವಳಿಗೆ ಮಾಡಲು ಏನೂ ಇಲ್ಲ.

ಆ ಖಾಲಿ ದಿನಗಳಲ್ಲೇ ಇನ್ನೊಬ್ಬಾಕೆ ಕೆಲಸಕ್ಕೆ ಸೇರಿದಳು. ಸಾವಕಾಶವಾಗಿ ಕಲಿಸಲು ಹೊತ್ತಿತ್ತು. ಮಾಲು ಕರಗಿ ಆರ್ಡರು ಮತ್ತೆ ಬರತೊಡಗಿದಾಗ ಬಸ್ ನಿಲ್ದಾಣದವರು ಹತ್ತೊಂಬತ್ತು ಎಂದು ಬರೆದಿದ್ದರು. ಹೊಸಬಳು, "ಇದನ್ನ ಎಷ್ಟು ಮಾಡ್ಲಿ?" ಎಂದು ಕೇಳಿದಳಂತೆ. "ಹತ್ತೊಂಬತ್ತೇ," ಎಂದಳು ತಂಗಿ.

ಮ್ಯಾನೇಜರಿಗೆ ಈಗ ಹಿಡಿದಿಟ್ಟುಕೊಳ್ಳಲು ನೆಪ ಉಳಿದಿರಲಿಲ್ಲ. ಆದರೆ ಮೇಲಿನವರಿಗೆ ಆ ಸೋಮವಾರದ ಬಗ್ಗೆ ಏನಾದರೂ ಹೇಳಬೇಕಿತ್ತಲ್ಲ. ಕ್ಯಾಲೆಂಡರಿನ ಕೆಂಪು ಸುತ್ತಿನ ಹಿಂದಿನ ದಿನ ಸಹಿ ಹಾಕಿ ಕೊಟ್ಟರು. ಅವಳ ಕಣ್ಣು ನೋಡಲಿಲ್ಲವಂತೆ. ಬಸ್ಸಿನಲ್ಲೇ ತೆರೆದು ಓದಿಕೊಂಡು ಬಂದವಳು ಆ ಕಾಗದವನ್ನು ನನ್ನ ಕೈಗಿತ್ತಳು. ಶ್ರದ್ಧೆ: ಸಾಧಾರಣ. ಹೊಣೆಗಾರಿಕೆ: ಸಾಧಾರಣ. ಅಂಗಡಿಗಳ ಅಗತ್ಯ ಅಂದಾಜಿಸುವ ಸಾಮರ್ಥ್ಯ: ಸಾಲದು. ಒಟ್ಟಾರೆ, ಪಾಸಾಗುವುದಕ್ಕೆ ಎಷ್ಟು ಬೇಕೋ ಅಷ್ಟೇ.

"ಅಂದಾಜು ಸಾಲದಂತಾ? ನಿನಗಾ?" ನನಗೆ ಮೈಯೆಲ್ಲ ಉರಿಯಿತು. "ಈಗ್ಲೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ ಆ ಮುಂದಿನವಾರಪ್ಪನ್ನ."

"ಸುಮ್ನಿರಕ್ಕಾ. ಅವ್ರಿಗೂ ಮೇಲಿನೋರಿದಾರೆ."

ಮರುದಿನ ನಾನೂ ಮಗುವೂ ಅವಳ ಜೊತೆ ಕಾಲೇಜಿಗೆ ಹೋದೆವು. ನೋಂದಣಿಯ ಕೊನೆಯ ದಿನವೆಂದು ಉದ್ದ ಸಾಲು. ಮಗು ನನ್ನ ದುಪಟ್ಟಾದ ತುದಿ ಅಗಿಯುತ್ತ ಅಲ್ಲೇ ನಿದ್ದೆಹೋಯಿತು. ಕಿಟಕಿಯಾಚೆಗಿನ ಗುಮಾಸ್ತೆ ಅವಳ ಅಂಕಗಳನ್ನೂ ಕಂಪನಿಯವರು ಬರೆದುಕೊಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ ಕನ್ನಡಕ ಮೇಲೇರಿಸಿದಳು.

"ಓದಿನಲ್ಲಿ ಇಷ್ಟು ಚೆನ್ನಾಗಿದೀರಿ, ಇಲ್ಲಿ ಇಷ್ಟು ಕಡಿಮೆ ಬಂದಿದೆಯಲ್ಲ? ಇದು ಸರಿಯಿಲ್ಲ ಅನಿಸಿದ್ರೆ ಮರುಪರಿಶೀಲನೆಗೆ ಕೇಳಬಹುದು. ಕಂಪನಿಯಿಂದ ಮತ್ತೆ ತರಿಸ್ತೀವಿ. ಆದ್ರೆ ಅದು ಮುಗಿಯೋವರೆಗೆ ನಿಮ್ಮ ನೋಂದಣಿ ತಡೆದಿರುತ್ತೆ."

ನಾನು ಕೇಳು ಎನ್ನಲು ಬಾಯಿ ತೆರೆದಿದ್ದೆ. ಅವಳದ್ದಲ್ಲದ ಆ ಕೆಟ್ಟ ಹೆಸರು ಮುಂದೆ ಎಲ್ಲ ಕಡೆಗೂ ಅವಳ ಜೊತೆ ಹೋಗುತ್ತದೆ, ಕೆಲಸ ಕೇಳಿದಲ್ಲೆಲ್ಲ ಅದನ್ನು ತೋರಿಸಬೇಕಾಗುತ್ತದೆ. ಅದು ಅವಳಿಗೂ ಗೊತ್ತಿತ್ತು. ಅವಳು ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಂದಿನ ಹುಡುಗ ಗಂಟಲು ಸರಿಮಾಡಿಕೊಂಡ.

"ಬೇಡ," ಎಂದಳು. "ಸಾಧಾರಣ ಅಂತಲೇ ಇರ್ಲಿ. ನೀವು ಮುದ್ರೆ ಹಾಕಿ."

ಗುಮಾಸ್ತೆ ಹಾಕಿದಳು. ಹೊಸ ಸೆಮಿಸ್ಟರಿನ ಗುರುತಿನ ಚೀಟಿ ಕಿಟಕಿಯ ಕೆಳಗಿಂದ ಜಾರಿ ಈ ಕಡೆ ಬಂತು. ತಂಗಿ ಅದನ್ನು ಎತ್ತಿಕೊಂಡು, ಅಂಚನ್ನು ಹೆಬ್ಬೆರಳಿನಿಂದ ಸವರಿ, ಪರ್ಸಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಮತ್ತೆ ಜಿಪ್ ತೆಗೆದು ಇದೆಯೇ ಎಂದು ನೋಡಿದಳು.